ಪ್ರೀಮಿಯಂ ಪೆಟ್ರೋಲ್ ಹಾಕಿಸಿದರೆ ಹೋದ ಮೈಲೇಜ್ ವಾಪಸ್ ಬರುತ್ತಾ?

ಪ್ರಶ್ನೆ: ನನ್ನದು 2019ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1.2 ಲೀಟರ್ ಇಂಜಿನ್. ಕಾರವಾರದಲ್ಲಿ ಕೆಲಸದಲ್ಲಿದ್ದಾಗ ವಾರಕ್ಕೊಮ್ಮೆ ಸಿರಸಿಯ ಮನೆಗೆ ಬಂದು ಹೋಗುತ್ತಿದ್ದೆ. ಆಗ ಲೀಟರಿಗೆ 18 ಕಿಲೋಮೀಟರು ಸಿಗುತ್ತಿತ್ತು. ಎರಡು ವರ್ಷದ ಹಿಂದೆ ಸಿರಸಿಗೇ ವರ್ಗವಾಯಿತು. ಈಗ ಮನೆಯಿಂದ ಆಫೀಸಿಗೆ, ಮಧ್ಯಾಹ್ನ ಊಟಕ್ಕೆ ಮನೆಗೆ, ಮತ್ತೆ ಆಫೀಸಿಗೆ, ಸಂಜೆ ಮನೆಗೆ. ಒಂದು ಸಲಕ್ಕೆ ನಾಲ್ಕು ಕಿಮೀ ಅಷ್ಟೆ. ಕಳೆದ ವರ್ಷ ಟಯರ್ ಬದಲಿಸಿದಾಗ ಸ್ವಲ್ಪ ಅಗಲದ್ದು ಹಾಕಿಸಿದೆ. ಈಗ ಎಷ್ಟು ಮಾಡಿದರೂ 14 ದಾಟುತ್ತಿಲ್ಲ. ಬಂಕಿನ ಹುಡುಗ ಪ್ರೀಮಿಯಂ ಹಾಕಿಸಿ ಅಂತಾನೆ. ನಮ್ಮ ಭಾವ, ಗೋವಾ ಪೆಟ್ರೋಲ್ ಹಾಕಿಸಿ ನೋಡು, ಅದರಲ್ಲಿ ಮಿಕ್ಸಿಂಗ್ ಇಲ್ಲ ಅಂತಾನೆ. ಮನೆಯವಳು ಡೀಸೆಲ್ ಕಾರೇ ತಗೊಳ್ಳೋಣ ಅಂತಾಳೆ. ಇದೆಲ್ಲ ಇಥೆನಾಲಿನ ಕಿತಾಪತಿಯಾ? ಯಾರ ಮಾತು ಕೇಳಲಿ?
— ಸಿರಸಿಯ ಓದುಗರು

ಉತ್ತರ: ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ನೀವು ಪ್ರಶ್ನೆ ಕೇಳಿದ ಸಾಲಿನಲ್ಲಿ ಅಲ್ಲ, ಸುಮ್ನೆ ಹೇಳಿಕೊಂಡು ಹೋದ ಸಾಲುಗಳಲ್ಲಿ. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಬಂಕಿನ ಹುಡುಗನ ಮಾತನ್ನು ಮುಗಿಸಿಬಿಡೋಣ.

ನೀವು ಸಿರಸಿಯವರು, ಅಡಿಕೆ ವ್ಯಾಪಾರ ಕಂಡವರು. ಚಾಲಿಗೆ ಒಂದು ದರ, ಕೋಕಾಕ್ಕೆ ಇನ್ನೊಂದು ದರ. ದರ ಜಾಸ್ತಿ ಇದ್ದದ್ದೇ ಒಳ್ಳೆಯ ಮಾಲು. ಹಾಗಾಗಿ ಪೆಟ್ರೋಲಿನಲ್ಲೂ 91, 95, 100 ಅಂತ ಬೋರ್ಡ್ ನೋಡಿದಾಗ ದೊಡ್ಡ ನಂಬರಿನದ್ದರಲ್ಲಿ ಕಸುವು ಜಾಸ್ತಿ ಎಂದು ಮನಸ್ಸು ತಾನಾಗಿಯೇ ಲೆಕ್ಕ ಹಾಕುತ್ತದೆ. ಗ್ಯಾರೇಜಿಗೆ ಬರುವ ಹತ್ತರಲ್ಲಿ ಎಂಟು ಜನ ಹೀಗೇ ತಿಳಿದಿರುತ್ತಾರೆ. ಆದರೆ ಆ ನಂಬರು ಕಸುವಿನ ಅಳತೆಯೇ ಅಲ್ಲ. ಅದು ತಾಳ್ಮೆಯ ಅಳತೆ.

ಇಂಜಿನ್ ಒಳಗೆ ಏನಾಗುತ್ತದೆ ನೋಡಿ. ಗಾಳಿ ಮತ್ತು ಪೆಟ್ರೋಲ್ ಸೇರಿ ಸಿಲಿಂಡರಿಗೆ ಬರುತ್ತವೆ. ಪಿಸ್ಟನ್ ಮೇಲೆ ಬಂದು ಅದನ್ನು ಒತ್ತುತ್ತದೆ. ನಿಮ್ಮಂಥ ಇಂಜಿನ್‌ಗಳಲ್ಲಿ ಹೆಚ್ಚುಕಡಿಮೆ ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಯುವಷ್ಟು ಒತ್ತುತ್ತದೆ. ಸೈಕಲ್ ಪಂಪು ಹೊಡೆಯುವಾಗ ಅದರ ಬುಡ ಬಿಸಿಯಾಗುವುದಿಲ್ವಾ, ಹಾಗೇ ಒತ್ತಿದ ಗಾಳಿ ಕಾಯುತ್ತದೆ. ಆಗ ಪೆಟ್ರೋಲ್ ಸುಮ್ಮನಿರಬೇಕು. ಪ್ಲಗ್ಗು ಕಿಡಿ ಕೊಟ್ಟ ಮೇಲೆ, ಆ ಕಿಡಿಯಿಂದ ಹಬ್ಬಿದ ಉರಿ ತನ್ನ ಹತ್ತಿರ ಬಂದ ಮೇಲೆ ಮಾತ್ರ ಹೊತ್ತಿಕೊಳ್ಳಬೇಕು. ತಾಳ್ಮೆ ಇಲ್ಲದ ಪೆಟ್ರೋಲ್ ಅಷ್ಟು ಹೊತ್ತು ಕಾಯುವುದಿಲ್ಲ. ಮೂಲೆಯಲ್ಲಿ ತಾನೇ ಹೊತ್ತಿ ಸಿಡಿಯುತ್ತದೆ. ಅದೇ ನಾಕಿಂಗ್. ಘಟ್ಟ ಹತ್ತುವಾಗ ಬಾನೆಟ್ ಒಳಗೆ ಗೋಲಿ ಅಲ್ಲಾಡಿಸಿದ ಹಾಗೆ ಟಕಟಕ ಅನ್ನುತ್ತದಲ್ಲ, ಆ ಸದ್ದು.

ಬೋರ್ಡಿನ ಆ ನಂಬರಿಗೆ ಆಕ್ಟೇನ್ ಅಂತಾರೆ. ಅದು ಜಾಸ್ತಿ ಇದ್ದರೆ ಪೆಟ್ರೋಲ್ ಹೆಚ್ಚು ಒತ್ತಡ, ಹೆಚ್ಚು ಬಿಸಿ ತಡೆದುಕೊಳ್ಳುತ್ತದೆ. ಅಷ್ಟೆ. ಒಂದು ಲೀಟರ್ 91ರಲ್ಲಿ ಎಷ್ಟು ಶಾಖ ಇದೆಯೋ ಒಂದು ಲೀಟರ್ 95ರಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ. ನಿಮ್ಮ ಇಂಜಿನ್ 91ಕ್ಕೇ ಹೊಂದಿಸಿದ್ದು. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲೋ ಕಾರಿನ ಪುಸ್ತಕದಲ್ಲೋ ಬರೆದಿರುತ್ತದೆ, ನೋಡಿ. ಸಿಡಿಯದೇ ಇರುವ ಪೆಟ್ರೋಲಿಗೆ ಇನ್ನಷ್ಟು ತಾಳ್ಮೆ ಕೊಟ್ಟು ಪ್ರಯೋಜನ ಏನು?

ಪ್ರಯೋಜನ ಆಗುವ ಕಾರುಗಳೂ ಇವೆ. ಟರ್ಬೊ ಪೆಟ್ರೋಲ್ ಇಂಜಿನ್‌ಗಳು ಗಾಳಿಯನ್ನು ಮೊದಲೇ ಒತ್ತಿ ಒಳಗೆ ತಳ್ಳುತ್ತವೆ. ಅವಕ್ಕೆ ನಾಕಿಂಗ್ ಭಯ ಜಾಸ್ತಿ. ಇಂಜಿನ್ ಮೈಗೆ ಅಂಟಿಸಿದ ನಾಕ್ ಸೆನ್ಸರ್ ಸಿಡಿತದ ಸದ್ದು ಕೇಳಿದ ಕೂಡಲೇ ಕಂಪ್ಯೂಟರ್ ಕಿಡಿಯನ್ನು ಸ್ವಲ್ಪ ತಡವಾಗಿ ಕೊಡುತ್ತದೆ. ಇಂಜಿನ್ ಉಳಿಯುತ್ತದೆ, ಆದರೆ ಎಳೆತ ಕಡಿಮೆಯಾಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಅಂಥ ಕಾರಿಗೆ ಏಪ್ರಿಲ್ ಬಿಸಿಲಲ್ಲಿ, ಐದು ಜನ ಕೂತು ಅರಬೈಲ್ ಘಟ್ಟ ಹತ್ತುವಾಗ 95 ಹಾಕಿದ್ದರೆ ವ್ಯತ್ಯಾಸ ಗೊತ್ತಾದೀತು. ಕಂಪನಿಯೇ ಪುಸ್ತಕದಲ್ಲಿ 95 ಅಂತ ಬರೆದಿದ್ದರೆ ವಾದವೇ ಇಲ್ಲ, ಹಾಕಲೇಬೇಕು. ನಿಮ್ಮದು ಆ ಜಾತಿಯಲ್ಲ.

ನಾನೂ ಒಮ್ಮೆ ಹಟಕ್ಕೆ ಬಿದ್ದು ನನ್ನ ಹಳೇ ಕಾರಿಗೆ ಮೂರು ಟ್ಯಾಂಕ್ ಪ್ರೀಮಿಯಂ, ಮೂರು ಟ್ಯಾಂಕ್ ಮಾಮೂಲಿ ಹಾಕಿ ಬರೆದಿಟ್ಟೆ. ವ್ಯತ್ಯಾಸ ಏನೋ ಬಂತು. ಆದರೆ ಮಾಮೂಲಿ ಪೆಟ್ರೋಲಿನ ಎರಡು ಟ್ಯಾಂಕುಗಳ ನಡುವೆಯೇ ಅದಕ್ಕಿಂತ ದೊಡ್ಡ ವ್ಯತ್ಯಾಸ ಇತ್ತು! ಒಂದು ವಾರ ಕುಮಟಾ ಕಡೆ ಜಾಸ್ತಿ ಓಡಿಸಿದ್ದೆ, ಇನ್ನೊಂದು ವಾರ ಊರೊಳಗೇ ಸುತ್ತಿದ್ದೆ, ಅದಕ್ಕೆ.

ಪ್ರೀಮಿಯಂನಲ್ಲಿ ಇಂಜೆಕ್ಟರ್ ತೊಳೆಯುವ ರಾಸಾಯನಿಕ ಇರುತ್ತದೆ, ಅದು ಸುಳ್ಳಲ್ಲ. ಇಂಜೆಕ್ಟರಿಗೆ ನಿಜವಾಗಿಯೂ ಕೊಳೆ ಹಿಡಿದಿದ್ದರೆ ಒಂದೆರಡು ಟ್ಯಾಂಕು ಹಾಕಿ ನೋಡಬಹುದು. ಪ್ರತಿ ಸಲ ಹಾಕಬೇಕೆಂದಿಲ್ಲ. ಲೆಕ್ಕ ಸುಲಭ ಇದೆ. ಮಾಮೂಲಿಗೆ ನೂರು ರೂಪಾಯಿ, ಪ್ರೀಮಿಯಂಗೆ ನೂರೆಂಟು ಎಂದುಕೊಳ್ಳಿ. ಕೊಟ್ಟ ದುಡ್ಡು ವಾಪಸ್ ಬರಬೇಕಾದರೆ ಮೈಲೇಜ್ ನೂರಕ್ಕೆ ಎಂಟು ಏರಬೇಕು. ಬರೀ ಆಕ್ಟೇನಿನಿಂದ ನಿಮ್ಮ ಇಂಜಿನ್ನಿನಲ್ಲಿ ಅಷ್ಟು ಏರುವುದಿಲ್ಲ. ಇನ್ನು 100 ಆಕ್ಟೇನ್ ಪೆಟ್ರೋಲ್ ನಮ್ಮ ದೇಶದ ಬಂಕುಗಳಿಗೆ ಬಂದದ್ದು 2020ರ ಡಿಸೆಂಬರಿನಲ್ಲಿ, ಅದೂ ಆಯ್ದ ಊರುಗಳಲ್ಲಿ. ಅದರ ದರ ಮಾಮೂಲಿಯ ಒಂದೂವರೆ ಪಟ್ಟು. ಅದು ದುಬಾರಿ ಕಾರು, ದೊಡ್ಡ ಬೈಕಿನವರ ಶೋಕಿ, ಅವರಿಗೇ ಇರಲಿ.

ಈಗ ಇಥೆನಾಲ್, ಅಂದರೆ ಕಬ್ಬು, ಧಾನ್ಯದಿಂದ ಮಾಡಿ ಪೆಟ್ರೋಲಿಗೆ ಬೆರೆಸುವ ಆಲ್ಕೋಹಾಲ್. ಇಲ್ಲಿ ನಿಮ್ಮ ಅನುಮಾನ ಸುಳ್ಳಲ್ಲ.

ಅಡಿಕೆ ಬೇಯಿಸುವ ಒಲೆ ನೆನಪು ಮಾಡಿಕೊಳ್ಳಿ. ಒಲೆಗೆ ಒಣಗಿದ ಮತ್ತಿ ಕಟ್ಟಿಗೆ ಇಟ್ಟರೆ ಎರಡು ಕೊಳ್ಳಿಗೆ ಹಂಡೆ ಕುದಿಯುತ್ತದೆ. ಸೋಗೆ, ಹಾಳೆ ತುಂಬಿದರೆ ಉರಿಯೇನೋ ಭರ್ಜರಿ ಏಳುತ್ತದೆ, ಆದರೆ ಗಳಿಗೆಗೊಮ್ಮೆ ತುರುಕುತ್ತಲೇ ಇರಬೇಕು. ಪೆಟ್ರೋಲಿಗೂ ಇಥೆನಾಲಿಗೂ ಸುಮಾರಾಗಿ ಅಂಥ ಸಂಬಂಧ. ಒಂದು ಲೀಟರ್ ಶುದ್ಧ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಾಖ ಇದ್ದರೆ, ಒಂದು ಲೀಟರ್ ಇಥೆನಾಲಿನಲ್ಲಿ ಇರುವುದು 21. ಮೂರರಲ್ಲಿ ಎರಡು ಪಾಲು. ಇಥೆನಾಲಿನ ಒಳಗೇ ಆಮ್ಲಜನಕ ಸೇರಿಕೊಂಡಿದೆ, ಅಂದರೆ ಅದು ಅರೆಬರೆ ಉರಿದು ಮುಗಿದ ಸರಕು ಇದ್ದ ಹಾಗೆ.

2019ರಲ್ಲಿ ನೀವು ಕಾರು ತಗೊಂಡಾಗ ದೇಶದ ಪೆಟ್ರೋಲಿನಲ್ಲಿ ಸರಾಸರಿ ನೂರಕ್ಕೆ ಐದರಷ್ಟು ಇಥೆನಾಲ್ ಇತ್ತು. 2022ರ ಜೂನ್ ಹೊತ್ತಿಗೆ ಅದು ಹತ್ತಾಯಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇ20, ಅಂದರೆ ನೂರಕ್ಕೆ ಇಪ್ಪತ್ತು ಬೆರೆಸಿದ್ದು, ಬಿಡುಗಡೆಯಾಯಿತು. ಮೊದಲು 2030ಕ್ಕೆ ಅಂತಿದ್ದ ಗುರಿಯನ್ನು ಸರ್ಕಾರ 2025ಕ್ಕೇ ಎಳೆದು ತಂದಿತು. ಈಗ ಬಂಕಿನಲ್ಲಿ ಮಾಮೂಲಿ ಅಂತ ಸಿಗುವುದು ಅದೇ.

ಲೆಕ್ಕ ಮಾಡಿ. ಐದು ಬೆರೆತ ಲೀಟರಿನಲ್ಲಿ ಸುಮಾರು 31.5 ಮೆಗಾಜೂಲ್. ಇಪ್ಪತ್ತು ಬೆರೆತದ್ದರಲ್ಲಿ 29.8. ನೂರಕ್ಕೆ ಐದು ಖೋತಾ. ನೀತಿ ಆಯೋಗ 2021ರಲ್ಲಿ ಹೊರಡಿಸಿದ ಇಥೆನಾಲ್ ವರದಿಯಲ್ಲೂ ಇದನ್ನು ಮುಚ್ಚಿಟ್ಟಿಲ್ಲ. ಶುದ್ಧ ಪೆಟ್ರೋಲಿಗೆ ವಿನ್ಯಾಸ ಮಾಡಿ ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಇ20 ಹಾಕಿದರೆ ನೂರಕ್ಕೆ ಆರೇಳರಷ್ಟು ಇಳಿಯಬಹುದು, ಇ10ಕ್ಕೆ ವಿನ್ಯಾಸ ಮಾಡಿ ಇ20ಕ್ಕೆ ಹೊಂದಿಸಿದವುಗಳಲ್ಲಿ ಒಂದೆರಡು ಅಂತ ಅದರಲ್ಲೇ ಇದೆ. ಹೊಂದಿಸಿದ ಕಾರಿಗೆ ಏಕೆ ಕಡಿಮೆ ನಷ್ಟ ಅಂದರೆ, ಇಥೆನಾಲಿನ ತಾಳ್ಮೆ ದೊಡ್ಡದು. ಅದರ ಆಕ್ಟೇನ್ ನೂರಕ್ಕೂ ಮೇಲೆ. ಹೊಸ ಇಂಜಿನ್ ಅದನ್ನು ಬಳಸಿಕೊಂಡು ಇನ್ನೂ ಬಿಗಿಯಾಗಿ ಒತ್ತಿ, ಕಿಡಿಯನ್ನು ಇನ್ನೂ ಮುಂಚೆ ಕೊಟ್ಟು, ಕಳಕೊಂಡದ್ದರಲ್ಲಿ ಒಂದಷ್ಟು ವಸೂಲಿ ಮಾಡಿಕೊಳ್ಳುತ್ತದೆ. ನಿಮ್ಮ 2019ರ ಕಾರಿಗೆ ಅದು ಪೂರ್ತಿ ಆಗುವುದಿಲ್ಲ.

ಅಂದಹಾಗೆ, 95ರ ಪ್ರೀಮಿಯಂ ಹಾಕಿಸಿದರೆ ಇಥೆನಾಲ್ ತಪ್ಪುತ್ತದೆ ಎಂದು ನಂಬಿದವರು ಬಹಳ ಇದ್ದಾರೆ. ಅದರಲ್ಲೂ ಇಥೆನಾಲ್ ಇರುತ್ತದೆ, ತಪ್ಪುವುದಿಲ್ಲ.

ಹಾಗಾದರೆ ನಿಮ್ಮ 18ರಲ್ಲಿ ಇಥೆನಾಲ್ ಕದ್ದದ್ದು ಎಷ್ಟು? ನೂರಕ್ಕೆ ಐದು ಹಿಡಿದರೆ 0.9, ಏಳು ಹಿಡಿದರೆ 1.3. ಸುಮಾರಾಗಿ ಒಂದು ಕಿಲೋಮೀಟರು. ಆದರೆ ನಿಮ್ಮ ಕಾರಿನಲ್ಲಿ ಹೋದದ್ದು ನಾಲ್ಕು. ಉಳಿದ ಮೂರು ಎಲ್ಲಿ ಹೋಯಿತು?

ನಾನು ಮೊದಲು ಹೇಳಿದ ಸಾಲಿಗೆ ಈಗ ಬಂದೆವು. "ಒಂದು ಸಲಕ್ಕೆ ನಾಲ್ಕು ಕಿಮೀ ಅಷ್ಟೆ."

ನಾಲ್ಕು ಕಿಲೋಮೀಟರಿನಲ್ಲಿ ಇಂಜಿನ್ ಬಿಸಿಯಾಗುವುದೇ ಇಲ್ಲ ಮಾರಾಯ್ರೆ. ನೀರು 80-90 ಡಿಗ್ರಿಗೆ ಬರಬೇಕು, ಆಯಿಲ್ ಅದಕ್ಕಿಂತ ನಿಧಾನ ಕಾಯುತ್ತದೆ. ತಣ್ಣಗಿರುವ ಇಂಜಿನ್ನಿಗೆ ಕಂಪ್ಯೂಟರ್ ಬೇಕೆಂದೇ ಜಾಸ್ತಿ ಪೆಟ್ರೋಲ್ ಕೊಡುತ್ತದೆ, ಇಲ್ಲದಿದ್ದರೆ ಮಿಸ್ ಹೊಡೆಯುತ್ತದೆ. ತಣ್ಣನೆ ಆಯಿಲ್ ದಪ್ಪ, ತಿರುಗಿಸಲು ಶ್ರಮ ಬೇಕು. ನೀವು ಆಫೀಸು ಮುಟ್ಟುವ ಹೊತ್ತಿಗೆ ಅದು ಆಗತಾನೇ ದಾರಿಗೆ ಬಂದಿರುತ್ತದೆ. ಅಲ್ಲಿ ಬಂದ್ ಮಾಡುತ್ತೀರಿ. ಮೂರು ತಾಸು ಬಿಟ್ಟು ಮತ್ತೆ ಮೊದಲಿಂದ. ದಿನಕ್ಕೆ ನಾಲ್ಕು ಸಲ. ಸಿರಸಿ ಮಳೆಗಾಲದಲ್ಲಿ, ಆ ಥಂಡಿ ಗಾಳಿಯಲ್ಲಿ, ಗಾಜಿನ ಮಂಜು ಹೋಗಲಿ ಅಂತ ಏಸಿಯನ್ನೂ ಹಾಕಿಕೊಂಡು. ಇದರ ಮೇಲೆ ಇಥೆನಾಲ್ ತಣ್ಣಗಿದ್ದಾಗ ಪೆಟ್ರೋಲಿನಷ್ಟು ಸಲೀಸಾಗಿ ಆವಿಯಾಗುವುದಿಲ್ಲ. ಹಾಗಾಗಿ ಚಿಕ್ಕ ಓಡಾಟದವರಿಗೆ ಇ20ರ ಬಿಸಿ ಉಳಿದವರಿಗಿಂತ ಸ್ವಲ್ಪ ಜಾಸ್ತಿಯೇ ತಟ್ಟುತ್ತದೆ.

ಮೊದಲು ನೀವು ಓಡಿಸುತ್ತಿದ್ದದ್ದು ಸಿರಸಿಯಿಂದ ಕುಮಟಾಕ್ಕೆ ಇಳಿದು, ಅಂಕೋಲಾ ಮೇಲೆ ಕಾರವಾರದವರೆಗೆ. ಇಂಜಿನ್ ಒಂದು ಸಲ ಕಾದರೆ ಕಾರವಾರ ಬರುವವರೆಗೂ ಕಾದೇ ಇರುತ್ತಿತ್ತು. ಹೆದ್ದಾರಿಯಲ್ಲಿ ಟಾಪ್ ಗೇರಿನಲ್ಲಿ ಅರವತ್ತು ಎಪ್ಪತ್ತರ ವೇಗ. ಆ 18 ಆ ದಾರಿಯದ್ದು. ಈಗಿನ 14 ಈ ದಾರಿಯದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ಪೆಟ್ರೋಲನ್ನು ಬೈಯುವುದು ನ್ಯಾಯ ಅಲ್ಲ.

ಘಟ್ಟದ ಲೆಕ್ಕ ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ, ನನಗೆ ಇಷ್ಟದ ಲೆಕ್ಕ ಇದು. ಸಿರಸಿ ಸಮುದ್ರಮಟ್ಟದಿಂದ ಆರುನೂರು ಮೀಟರಿಗೆ ಹತ್ತಿರ ಎತ್ತರದಲ್ಲಿದೆ. ನಾಲ್ಕು ಜನ, ಒಂದಿಷ್ಟು ಸಾಮಾನು ಸೇರಿ ನಿಮ್ಮ ಕಾರು 1,200 ಕೆಜಿ ಎಂದುಕೊಳ್ಳಿ. ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲು ಸುಮಾರು 7 ಮೆಗಾಜೂಲ್ ಬೇಕು. ಪೆಟ್ರೋಲ್ ಇಂಜಿನ್ ತಿಂದದ್ದರಲ್ಲಿ ಮೂರನೇ ಒಂದು ಪಾಲನ್ನೂ ಚಕ್ರಕ್ಕೆ ಕೊಡುವುದು ಕಷ್ಟ, ಉಳಿದದ್ದು ರೇಡಿಯೇಟರ್ ಮತ್ತು ಸೈಲೆನ್ಸರಿಗೆ ಹೋಗುತ್ತದೆ. ಅಲ್ಲಿಗೆ ದೇವಿಮನೆ ಘಟ್ಟ ಹತ್ತಿ ಸಿರಸಿ ಸೇರುವುದಕ್ಕೆ, ಸಮತಟ್ಟಿನ ರಸ್ತೆಗಿಂತ ಮುಕ್ಕಾಲು ಲೀಟರು ಹೆಚ್ಚು ಬೇಕಾಯಿತು. ಕುಮಟಾದಿಂದ ಸಿರಸಿಗೆ ಸುಮಾರು ಅರವತ್ತು ಕಿಮೀ. ಸಮತಟ್ಟಾಗಿದ್ದರೆ 18ರ ಲೆಕ್ಕದಲ್ಲಿ 3.3 ಲೀಟರ್ ಸಾಕು. ಹತ್ತುವಾಗ ನಾಲ್ಕರ ಮೇಲೆ ಹೋಗುತ್ತದೆ, ಮೈಲೇಜ್ ಹದಿನಾಲ್ಕೂವರೆಗೆ ಇಳಿಯುತ್ತದೆ. ಗ್ರೇಡ್ ಬದಲಿಸಿ ಹುಡುಕುವ ವ್ಯತ್ಯಾಸಕ್ಕಿಂತ ಘಟ್ಟ ಮಾಡುವ ವ್ಯತ್ಯಾಸ ಎಷ್ಟು ದೊಡ್ಡದು ನೋಡಿ. ಕಾರವಾರದಲ್ಲಿ ಟ್ಯಾಂಕ್ ತುಂಬಿಸಿ ಸಿರಸಿಗೆ ಬಂದು ಅಳೆದವನಿಗೂ, ಸಿರಸಿಯಲ್ಲಿ ತುಂಬಿಸಿ ಕಾರವಾರಕ್ಕೆ ಇಳಿದು ಅಳೆದವನಿಗೂ ಚಹಾ ಅಂಗಡಿಯಲ್ಲಿ ಜಗಳ ಆಗುವುದು ಇದಕ್ಕೇ. ಇಬ್ಬರೂ ಸತ್ಯವನ್ನೇ ಹೇಳುತ್ತಿರುತ್ತಾರೆ.

ಹತ್ತುವಾಗ ಖರ್ಚಾದದ್ದು ಇಳಿಯುವಾಗ ಪೂರ್ತಿ ವಾಪಸ್ ಬರುವುದಿಲ್ಲ, ಒಂದಷ್ಟು ಬರುತ್ತದೆ. ಅದನ್ನೂ ಕಳೆದುಕೊಳ್ಳುವವರಿದ್ದಾರೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬಿಟ್ಟರೆ ಪೆಟ್ರೋಲ್ ಉಳಿಯುತ್ತದೆ ಅನ್ನುವುದು ಕಾರ್ಬ್ಯುರೇಟರ್ ಕಾಲದ ಮಾತು. ಈಗಿನ ಕಾರಿನಲ್ಲಿ ಗೇರಿನಲ್ಲೇ ಇಟ್ಟು ಎಕ್ಸಿಲೇಟರ್‌ನಿಂದ ಕಾಲು ತೆಗೆದರೆ ಕಂಪ್ಯೂಟರ್ ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ, ಇಂಜಿನ್ನನ್ನು ಚಕ್ರವೇ ತಿರುಗಿಸುತ್ತದೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ಆರದಿರಲಿ ಅಂತ ಪೆಟ್ರೋಲ್ ಕೊಡಲೇಬೇಕು. ಮೇಲಿಂದ ಬ್ರೇಕ್ ಕಾದು ಹಿಡಿಯದೇ ಹೋಗುವ ಅಪಾಯ ಬೇರೆ. ದೇವಿಮನೆಯ ತಿರುವಿನಲ್ಲಿ ಆ ಅಪಾಯ ಸಣ್ಣದಲ್ಲ. ಹತ್ತುವಾಗಲೂ ಮೂರನೇ ಗೇರಿನಲ್ಲೇ ಗೋಳಾಡಿಸಬೇಡಿ. ಟಕಟಕ ಕೇಳಿದರೆ ಎರಡಕ್ಕೆ ಇಳಿಸಿ. ನಾಕಿಂಗಿಗೆ ಅತಿ ಸೋವಿ ಔಷಧ ಗೇರ್ ಬದಲಿಸುವುದು, ಅದಕ್ಕೆ ಲೀಟರಿಗೆ ಎಂಟು ರೂಪಾಯಿ ಕೊಡಬೇಕಾಗಿಲ್ಲ.

ಇನ್ನು ಟಯರು. ಅಗಲದ ಟಯರ್ ರಸ್ತೆಯನ್ನು ಜಾಸ್ತಿ ಹಿಡಿಯುತ್ತದೆ, ತೂಕವೂ ಜಾಸ್ತಿ, ಹಾಗಾಗಿ ಸ್ವಲ್ಪ ಮೈಲೇಜ್ ತಿನ್ನುತ್ತದೆ. ಆದರೆ ಇನ್ನೊಂದು ತಮಾಷೆ ಇದೆ. ಮೊದಲು 175/65 ಆರ್14 ಇದ್ದು ಈಗ 185/65 ಆರ್14 ಹಾಕಿಸಿದ್ದರೆ, ಚಕ್ರದ ಅಡ್ಡಳತೆ ನೂರಕ್ಕೆ ಎರಡು ದೊಡ್ಡದಾಯಿತು. ಒಂದು ಸುತ್ತಿಗೆ ಕಾರು ಮೊದಲಿಗಿಂತ ಮುಂದೆ ಹೋಗುತ್ತದೆ, ಮೀಟರಿಗೆ ಅದು ಗೊತ್ತಿಲ್ಲ. ನೀವು 102 ಕಿಮೀ ಓಡಿದರೆ ಅದು 100 ಅಂತ ತೋರಿಸುತ್ತದೆ. ಹಾಗಾಗಿ ನಿಮ್ಮ 14ರಲ್ಲಿ 0.3ರಷ್ಟು ಹೋಗಿಯೇ ಇಲ್ಲ, ಲೆಕ್ಕದಲ್ಲಿ ಮಾತ್ರ ಕಾಣೆಯಾಗಿದೆ! ಹೆದ್ದಾರಿಗೆ ಹೋದಾಗ ಕಿಲೋಮೀಟರ್ ಕಲ್ಲು ನೋಡಿಕೊಂಡು ಇಪ್ಪತ್ತು ಮೂವತ್ತು ಕಿಮೀ ಓಡಿಸಿ, ಮೀಟರಿನ ಜೊತೆ ತಾಳೆ ಹಾಕಿ. ಗಾಳಿಯನ್ನು ತಣ್ಣಗಿರುವಾಗ, ಡ್ರೈವರ್ ಬಾಗಿಲಿನ ಹತ್ತಿರ ಅಂಟಿಸಿದ ಚೀಟಿಯಲ್ಲಿ ಇರುವಷ್ಟು ಹಾಕಿಸಿ. "ಮಳೆಗಾಲ ಅಲ್ವಾ, ಗ್ರಿಪ್ ಬರಲಿ" ಅಂತ ಗಾಳಿ ಕಡಿಮೆ ಮಾಡುವ ಅಭ್ಯಾಸ ನಮ್ಮ ಕಡೆ ಇದೆ. ತಪ್ಪು ಅದು. ಮೆತ್ತಗಾದ ಟಯರ್ ನೀರಿನ ಮೇಲೆ ಇನ್ನೂ ಬೇಗ ತೇಲುತ್ತದೆ.

ಕರಾವಳಿಯಲ್ಲಿ ವರ್ಷಗಟ್ಟಲೆ ಇದ್ದ ಕಾರು ನಿಮ್ಮದು. ಆದ್ದರಿಂದ ಇನ್ನೊಂದು ಅನುಮಾನ. ಉಪ್ಪುಗಾಳಿ, ಮಳೆ ಸೇರಿ ಹ್ಯಾಂಡ್‌ಬ್ರೇಕ್ ಕೇಬಲ್ಲಿಗೆ, ಹಿಂದಿನ ಡ್ರಮ್ಮಿಗೆ ತುಕ್ಕು ಹಿಡಿಸುತ್ತವೆ. ಬ್ರೇಕ್ ಬಿಟ್ಟರೂ ಪೂರ್ತಿ ಬಿಡುವುದಿಲ್ಲ. ಗಾಡಿ ಓಡುತ್ತದೆ, ಸದ್ದಿಲ್ಲ, ದೀಪ ಇಲ್ಲ, ಪೆಟ್ರೋಲ್ ಮಾತ್ರ ಕುಡಿಯುತ್ತಿರುತ್ತದೆ. ಪರೀಕ್ಷೆಗೆ ಯಾವ ಯಂತ್ರವೂ ಬೇಡ. ಹತ್ತು ಹನ್ನೆರಡು ಕಿಮೀ ಬ್ರೇಕ್ ಕಡಿಮೆ ಬಳಸಿ ಓಡಿಸಿ, ನಿಲ್ಲಿಸಿ, ನಾಲ್ಕೂ ಚಕ್ರದ ನಡುಭಾಗದ ಹತ್ತಿರ ಕೈ ಒಯ್ಯಿರಿ. ಮುಟ್ಟಬೇಡಿ, ಹತ್ತಿರ ಒಯ್ಯಿರಿ ಸಾಕು. ಒಂದು ಮಾತ್ರ ಕಾವಲಿಯ ಹಾಗೆ ಕಾದಿದ್ದರೆ ಕಳ್ಳ ಸಿಕ್ಕಿದ. ಮೈಲೇಜ್ ಬರುತ್ತಿಲ್ಲ ಅಂತ ನನ್ನಲ್ಲಿಗೆ ಬಂದ ಎಷ್ಟೋ ಕಾರುಗಳು ಈ ಬ್ರೇಕ್ ಬಿಡಿಸಿದ್ದಕ್ಕೇ ಸರಿಯಾಗಿ ಹೋಗಿವೆ. ಸಮತಟ್ಟು ಜಾಗದಲ್ಲಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದು ದಿನಗಟ್ಟಲೆ ಬಿಡಬೇಡಿ. ಗೇರ್ ಹಾಕಿ, ಚಕ್ರಕ್ಕೆ ಒಂದು ಕಲ್ಲು ಕೊಡಿ.

ಭಾವನ ಗೋವಾ ಪೆಟ್ರೋಲಿಗೆ ಬರೋಣ. ಕಾರವಾರದವರು ಕಾಳಿ ಸೇತುವೆ ದಾಟಿ, ಮಾಜಾಳಿ ಆಚೆ ಪೋಳೆಂಗೆ ಹೋಗಿ ಟ್ಯಾಂಕ್ ತುಂಬಿಸಿಕೊಂಡು ಬರುವುದು ಹೊಸತೇನಲ್ಲ, ನಾನೂ ಮಾಡಿದ್ದೇನೆ. ಅಲ್ಲಿ ದರ ಕಡಿಮೆ, ಯಾಕೆಂದರೆ ಪೆಟ್ರೋಲ್ ಜಿಎಸ್‌ಟಿ ಒಳಗಿಲ್ಲ, ಒಂದೊಂದು ರಾಜ್ಯದ ತೆರಿಗೆ ಒಂದೊಂದು. ನಮ್ಮಲ್ಲಿ 2024ರ ಜೂನ್‌ನಲ್ಲಿ ಪೆಟ್ರೋಲಿನ ಮಾರಾಟ ತೆರಿಗೆ ನೂರಕ್ಕೆ 25.92ರಿಂದ 29.84ಕ್ಕೆ ಏರಿ ಒಮ್ಮೆಲೇ ಮೂರು ರೂಪಾಯಿ ಜಾಸ್ತಿಯಾಯಿತು, ನೆನಪಿರಬಹುದು. ಆದರೆ ಇಥೆನಾಲ್ ಬೆರೆಸುವುದು ಇಡೀ ದೇಶದ ಕಾರ್ಯಕ್ರಮ. ಗಡಿ ದಾಟಿದರೆ ಬದಲಾಗುವುದು ದರ, ಪೆಟ್ರೋಲ್ ಅಲ್ಲ. ಲಾಭವನ್ನೂ ಅಳೆದು ನೋಡಿ. ಲೀಟರಿಗೆ ಏಳು ರೂಪಾಯಿ ಉಳಿಯುತ್ತದೆ, ಮೂವತ್ತು ಲೀಟರ್ ಹಾಕಿಸಿದಿರಿ ಅಂದುಕೊಳ್ಳಿ. 210 ರೂಪಾಯಿ. ಅದಕ್ಕಾಗಿಯೇ ಕಾರವಾರದಿಂದ ಹೋಗಿ ಬಂದರೆ ಮೂವತ್ತು ಕಿಮೀ, ಎರಡು ಲೀಟರ್ ಅಲ್ಲೇ ಮುಗಿಯಿತು. ಉಳಿದದ್ದು ಪೋಳೆಂನಲ್ಲಿ ಕುಡಿದ ಚಹಾಕ್ಕೆ. ಕಾಣಕೋಣಕ್ಕೋ ಮಡಗಾಂವಿಗೋ ಹೇಗೂ ಹೋಗುವುದಿದ್ದರೆ ತುಂಬಿಸಿಕೊಳ್ಳಿ. ಸಿರಸಿಯಿಂದ ಅದಕ್ಕಾಗಿ ಹೊರಟರೆ ಭಾವನನ್ನೂ ಕೂರಿಸಿಕೊಂಡು ಹೋಗಿ, ಖರ್ಚಲ್ಲಿ ಪಾಲು ಕೊಡಲಿ.

ಮಿಕ್ಸಿಂಗ್ ಅಂದರೆ ಭಾವ ಕಲಬೆರಕೆ ಬಗ್ಗೆ ಹೇಳುತ್ತಿದ್ದರೆ ಅದು ಬೇರೆ ಮಾತು. ಯಾವ ಬಂಕಿನಲ್ಲೂ ಫಿಲ್ಟರ್ ಪೇಪರ್ ಕೇಳುವ ಹಕ್ಕು ನಿಮಗಿದೆ. ನಾಝಲ್ ಬಾಯಿ ಒರೆಸಿ ಒಂದು ಹನಿ ಬಿಡಿ. ಎರಡು ನಿಮಿಷದಲ್ಲಿ ಆರಿ, ಕಲೆ ಉಳಿಯದಿದ್ದರೆ ಸರಿ. ಅಳತೆ ಅನುಮಾನ ಇದ್ದರೆ ಐದು ಲೀಟರಿನ ಮುದ್ರೆ ಹೊಡೆದ ಅಳತೆ ಪಾತ್ರೆ ಬಂಕಿನಲ್ಲೇ ಇರುತ್ತದೆ, ಅದಕ್ಕೆ ಹಾಕಿ ತೋರಿಸಿ ಅನ್ನಿ. 25 ಮಿಲಿವರೆಗೆ ಆಚೀಚೆ ಆಗಬಹುದು, ಅದಕ್ಕಿಂತ ಕಡಿಮೆ ಬಂದರೆ ಕೇಳಬೇಕು. ಬೆಳಿಗ್ಗೆ ತಂಪಲ್ಲಿ ಹಾಕಿಸಿದರೆ ಜಾಸ್ತಿ ಬರುತ್ತದೆ, ನೂರರ ಬದಲು ನೂರಾಹತ್ತಕ್ಕೆ ಹಾಕಿಸಬೇಕು ಎಂಬುದೆಲ್ಲ ಟೈಂಪಾಸ್. ಬಂಕಿನ ಟ್ಯಾಂಕು ನೆಲದೊಳಗಿದೆ, ಅಲ್ಲಿಗೆ ಬೆಳಗೂ ಮಧ್ಯಾಹ್ನವೂ ಹೆಚ್ಚುಕಡಿಮೆ ಒಂದೇ.

ನಮ್ಮ ಜಿಲ್ಲೆಯಲ್ಲಿ ನಾನು ಹೆದರುವುದು ಕಲಬೆರಕೆಗಿಂತ ನೀರಿಗೆ. ಒಂದು ಜುಲೈನಲ್ಲಿ ಕಾರೊಂದನ್ನು ಕಟ್ಟಿ ಎಳೆದುಕೊಂಡು ತಂದರು. ಬಂಕಿನಿಂದ ಹೊರಟು ಎರಡು ಕಿಮೀಗೆ ನಿಂತಿತ್ತು. ಟ್ಯಾಂಕಿನಿಂದ ಗಾಜಿನ ಬಾಟಲಿಗೆ ತೆಗೆದರೆ ಎರಡು ಪದರ, ಮಜ್ಜಿಗೆ ನಿಂತಾಗ ಆಗುವ ಹಾಗೆ. ಇಥೆನಾಲಿಗೆ ನೀರೆಂದರೆ ಪ್ರೀತಿ. ಸ್ವಲ್ಪ ನೀರನ್ನು ತನ್ನೊಳಗೆ ಸೇರಿಸಿಕೊಂಡು ಏನೂ ಆಗದ ಹಾಗೆ ಇರುತ್ತದೆ. ಮಿತಿ ಮೀರಿದರೆ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿ ಅಡಿಗೆ ಕೂರುತ್ತದೆ. ಪೆಟ್ರೋಲ್ ಪಂಪು ಎಳೆಯುವುದೂ ಅಡಿಯಿಂದಲೇ. ಜಡಿಮಳೆಯಲ್ಲಿ ಅಂಗಳ ಪೂರ್ತಿ ನೀರು ನಿಂತ ಬಂಕಿಗೆ ನಾನು ಹೋಗುವುದಿಲ್ಲ, ಲಾರಿ ಬಂದು ಇಳಿಸುತ್ತಿರುವಾಗಲೂ ಹಾಕಿಸುವುದಿಲ್ಲ. ಮಳೆಗಾಲವಿಡೀ ಕಾರನ್ನು ಶೆಡ್ಡಿನಲ್ಲೇ ಇಡುವುದಿದ್ದರೆ ಟ್ಯಾಂಕು ಅರ್ಧಕ್ಕಿಂತ ಮೇಲಿರಲಿ, ಖಾಲಿ ಜಾಗದಲ್ಲಿ ಬೆವರುವ ನೀರು ಕಡಿಮೆಯಾಗುತ್ತದೆ. ನಿಮ್ಮ ಕಾರು ಇ20ಕ್ಕೆ ಮುಂಚಿನದ್ದು, ಆದ್ದರಿಂದ ಸರ್ವಿಸಿಗೆ ಬಿಟ್ಟಾಗಲೆಲ್ಲ ಪೆಟ್ರೋಲ್ ಪೈಪು, ರಬ್ಬರ್ ಸೀಲು ನೋಡಲು ಹೇಳಿ. ಒಣಗಿ ಬಿರುಕು ಬಿಟ್ಟಿದ್ದರೆ, ಉಬ್ಬಿದ್ದರೆ, ಬದಲಿಸಿ. ಪೆಟ್ರೋಲ್ ವಾಸನೆ ಬಂದರೆ ಸರ್ವಿಸ್ ದಿನಕ್ಕೆ ಕಾಯಬೇಡಿ.

ಡೀಸೆಲ್ ವಿಷಯದಲ್ಲಿ ಮನೆಯವರ ಮಾತಿಗೂ ಆಧಾರ ಇದೆ. ಒಂದು ಲೀಟರ್ ಡೀಸೆಲಿನಲ್ಲಿ ಪೆಟ್ರೋಲಿಗಿಂತ ನೂರಕ್ಕೆ ಹತ್ತು ಹನ್ನೆರಡು ಜಾಸ್ತಿ ಶಾಖ ಇದೆ. ಡೀಸೆಲ್ ಇಂಜಿನ್ ಗಾಳಿಯನ್ನು ಇನ್ನೂ ಬಿಗಿಯಾಗಿ ಒತ್ತುತ್ತದೆ, ಆ ಶಾಖವನ್ನು ಚೆನ್ನಾಗಿ ಬಳಸುತ್ತದೆ. ಘಟ್ಟದಲ್ಲಿ ಅದರ ಎಳೆತವೇ ಬೇರೆ. ವಾರಕ್ಕೆರಡು ಸಲ ಹುಬ್ಬಳ್ಳಿ, ಮಂಗಳೂರು ಓಡಾಡುವವರಿಗೆ ನಾನೇ ಡೀಸೆಲ್ ಹೇಳುತ್ತೇನೆ. ಆದರೆ ನಾಲ್ಕು ಕಿಮೀ ಓಡಾಟಕ್ಕೆ ಬಿಎಸ್6, ಅಂದರೆ ಈಗಿನ ಹೊಗೆ ನಿಯಮದ ಡೀಸೆಲ್ ಕಾರು ಬೇಡವೇ ಬೇಡ. ಅದರ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಜಾಲರಿ ಇದೆ, ಡಿಪಿಎಫ್ ಅಂತಾರೆ. ಹಿಡಿದ ಮಸಿಯನ್ನು ಅದು ಸುಟ್ಟುಕೊಳ್ಳಬೇಕಾದರೆ ಚೆನ್ನಾಗಿ ಕಾಯಬೇಕು, ಕಾಯಬೇಕಾದರೆ ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷವಾದರೂ ಓಡಬೇಕು. ಊರೊಳಗೇ ಸುತ್ತಿದರೆ ಮಸಿ ಕಟ್ಟಿ ದೀಪ ಹತ್ತುತ್ತದೆ, ಆಮೇಲೆ ಬರುವ ಬಿಲ್ಲಿನಲ್ಲಿ ನಿಮ್ಮ ಎಷ್ಟೋ ವರ್ಷದ ಪೆಟ್ರೋಲ್ ಉಳಿತಾಯ ಕೊಚ್ಚಿ ಹೋಗುತ್ತದೆ.

ಸಿಎನ್‌ಜಿ ಬಗ್ಗೆ ನೀವು ಕೇಳಿಲ್ಲ, ಆದರೂ ಯಾರಾದರೂ ಹೇಳಿಯೇ ಹೇಳುತ್ತಾರೆ. 25 ಮೈಲೇಜ್ ಅಂದರೆ ಅದು ಕೆಜಿಗೆ, ಲೀಟರಿಗೆ ಅಲ್ಲ. ಒಂದು ಕೆಜಿ ಸಿಎನ್‌ಜಿಯಲ್ಲಿ ಸುಮಾರು ಒಂದೂವರೆ ಲೀಟರ್ ಪೆಟ್ರೋಲಿನ ಶಾಖ ಇದೆ. ಹಾಗಾಗಿ 25 ಅಂದರೆ ಪೆಟ್ರೋಲಿನ ಲೆಕ್ಕದಲ್ಲಿ 16-17 ಅಷ್ಟೆ. ಉಳಿಯುವುದು ದರದಲ್ಲಿ. ಗ್ಯಾಸು ಗಾಳಿಯ ಜಾಗವನ್ನು ತಿನ್ನುವುದರಿಂದ ಎಳೆತ ಕಡಿಮೆ, ಸಿಲಿಂಡರಿನ ಭಾರ ಬೇರೆ. ಘಟ್ಟ ಹತ್ತುವಾಗ ಹೆಚ್ಚಿನವರು ಪೆಟ್ರೋಲಿಗೆ ತಿರುಗಿಸಿಕೊಳ್ಳುತ್ತಾರೆ.

ಇಷ್ಟಕ್ಕೂ ನೀವು ಎಷ್ಟು ಕಳಕೊಳ್ಳುತ್ತಿದ್ದೀರಿ ಅಂತ ಲೆಕ್ಕ ಹಾಕಿದ್ದೀರಾ? ದಿನಕ್ಕೆ 16 ಕಿಮೀ, ತಿಂಗಳಿಗೆ 25 ದಿನ, 400 ಕಿಮೀ. 14ರಂತೆ 28.5 ಲೀಟರ್, 18ರಂತೆ 22. ಆರೂವರೆ ಲೀಟರ್, ಸುಮಾರು 650 ರೂಪಾಯಿ. ಅದನ್ನು ಉಳಿಸಲು ಲಕ್ಷ ರೂಪಾಯಿ ಜಾಸ್ತಿ ಕೊಟ್ಟು ಡೀಸೆಲ್ ಕಾರು? ಪ್ರೀಮಿಯಂ ಹಾಕಿಸಿದರೆ ತಿಂಗಳಿಗೆ ಇನ್ನೂ 230 ರೂಪಾಯಿ ಸೇರಿಸಿ ಕೊಟ್ಟ ಹಾಗಾಯಿತು, ಅಷ್ಟೆ. ಮಧ್ಯಾಹ್ನದ ಊಟದ ಡಬ್ಬಿ ಕಟ್ಟಿಸಿಕೊಂಡು ಹೋದರೆ ತಿಂಗಳಿಗೆ 200 ಕಿಮೀ ಓಡಾಟವೇ ಉಳಿಯುತ್ತದೆ. ಮನೆಯ ಬಿಸಿ ಊಟ, ಹತ್ತು ನಿಮಿಷದ ನಿದ್ದೆ ಬಿಟ್ಟುಕೊಡಿ ಅಂತ ಹೇಳಲು ನನಗೇ ಮನಸ್ಸಿಲ್ಲ, ಅದು ನಿಮಗೆ ಬಿಟ್ಟದ್ದು.

ಸೋಮವಾರ ಟಯರಿನ ಗಾಳಿ ನೋಡಿಸಿ, ಚಕ್ರದ ಬಿಸಿ ನೋಡಿ. ಆಮೇಲೆ ಒಂದೇ ಬಂಕಿನಲ್ಲಿ, ಒಂದೇ ನಾಝಲಿನಲ್ಲಿ, ತಾನಾಗಿ ಕಟ್ ಆಗುವವರೆಗೆ ತುಂಬಿಸಿ ಮೀಟರ್ ಬರೆದಿಟ್ಟುಕೊಳ್ಳಿ. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಬಂದ ಮೇಲೆ ಮತ್ತೆ ಹಾಗೇ ತುಂಬಿಸಿ ಭಾಗಿಸಿ. ಡ್ಯಾಶ್‌ಬೋರ್ಡಿನ ನಂಬರನ್ನು ನಂಬಬೇಡಿ, ಅದಕ್ಕೆ ಸ್ವಲ್ಪ ಬಡಾಯಿ ಜಾಸ್ತಿ. ಹೀಗೆ ಮೂರು ಸಲ ಆಗಲಿ. ನಡುವೆ ಒಂದು ಭಾನುವಾರ ಕುಮಟಾಕ್ಕೆ ಹೋಗಿ ಬನ್ನಿ, ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಸಿರಸಿಯಲ್ಲೇ ತುಂಬಿಸಿ, ಆ ದಾರಿಯ ಮೈಲೇಜನ್ನು ಬೇರೆಯಾಗಿ ಬರೆದಿಡಿ. ಅದು 16ರಿಂದ 17ರ ಹತ್ತಿರ ಬಂದರೆ ನಿಮ್ಮ ಇಂಜಿನ್ ಆರೋಗ್ಯವಾಗಿದೆ. ಅದೂ 14ಕ್ಕೇ ನಿಂತರೆ ಆ ಚೀಟಿಯನ್ನು ನನಗೆ ಕಳಿಸಿ. ಆಗ ಪ್ಲಗ್ಗು, ಏರ್ ಫಿಲ್ಟರು, ಥರ್ಮೋಸ್ಟಾಟು, ಆಕ್ಸಿಜನ್ ಸೆನ್ಸರು ಒಂದೊಂದಾಗಿ ನೋಡೋಣ.